ಭಟ್ಟರು ತಾವೇ ಬರುತ್ತಾರೋ?

ಕನ್ನಡ ಕೂಟದ ಪತ್ರಿಕೆಯಲ್ಲಿ ಕನ್ಸಲ್ಟೆಂಟರ ವಿಚಾರವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕವನ, ಹರಟೆ, ಯುಗಾದಿಯ ವರದಿ, ಮಕ್ಕಳ ಪುಟ ಇವುಗಳ ನಡುವೆ ಇದೊಂದು ಹೊಂದದ ಒಗ್ಗರಣೆ ಎನಿಸಲೂಬಹುದು. ಆದರೆ ನಮ್ಮ ಸದಸ್ಯರ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ ನೋಡಿ. 2000ನೆಯ ಇಸವಿ ಹುಟ್ಟುತ್ತಲೇ ಲೋಕದ ಗಣಕಗಳೆಲ್ಲ ಕೆಟ್ಟು ನಿಲ್ಲುತ್ತವೆಂಬ ಗುಲ್ಲು ಎದ್ದ ದಿನಗಳಲ್ಲಿ, ಒಂದು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರು ಹಿಡಿದು ಈ ಕೆನಡಾ ದೇಶಕ್ಕೋ ಪಕ್ಕದ ಅಮೆರಿಕಕ್ಕೋ ಬಂದಿಳಿದವರು ನಮ್ಮಲ್ಲಿ ಕಡಮೆಯೇನಿಲ್ಲ. ಅಂದು ಮೇಜಿನ ಆ ಕಡೆ ಕೂತು 'ನಮಗೆ ಕೆಲಸ ಕೊಡಿ' ಎಂದವರು ಇಂದು ತಲೆ ನರೆತು ಈ ಕಡೆ ಕೂತು 'ಕೆಲಸವನ್ನು ಯಾರಿಗೆ ಕೊಡೋಣ' ಎಂದು ತಲೆ ಕೆರೆದುಕೊಳ್ಳುತ್ತಿದ್ದಾರೆ. ಬ್ಯಾಂಕುಗಳಲ್ಲಿ, ವಿಮಾ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ, ಸರ್ಕಾರಿ ಇಲಾಖೆಗಳಲ್ಲಿ ಸಲಹೆಗಾರರನ್ನು ಆರಿಸುವ ಸಮಿತಿಗಳಲ್ಲಿ ನಮ್ಮವರಿದ್ದಾರೆ. ಹಾಗೆಯೇ ಆರಿಸಲ್ಪಡಲು ಸಾಲಿನಲ್ಲಿ ನಿಂತವರಲ್ಲೂ ನಮ್ಮವರಿದ್ದಾರೆ. ಕೂಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಹೋಳಿಗೆ ತಿನ್ನುವ ಇಬ್ಬರು ಸೋಮವಾರ ಎದುರುಬದುರು ಕೂರುವುದುಂಟು. ಆದ್ದರಿಂದ ಇದು ನಮ್ಮ ಮನೆಯ ಮಾತೇ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ದೊಡ್ಡ ಕಂಪನಿಗಳು ಗಣಕದ ಕೆಲಸಕ್ಕೆ ಸಲಹೆಗಾರರನ್ನು ಆರಿಸುವಾಗ ಬಹುಮಟ್ಟಿಗೆ ಆ ಕೆಲಸ ಬಲ್ಲವರನ್ನು ಹುಡುಕುವುದಿಲ್ಲ. ಕೆಲಸ ಕೆಟ್ಟರೆ ಬೆರಳು ತೋರಿಸಲು ಅನುಕೂಲವಾದ ಒಂದು ಹೆಸರನ್ನು ಹುಡುಕುತ್ತವೆ. ಐಬಿಎಂ ಯಂತ್ರ ಕೊಂಡದ್ದಕ್ಕೆ ಇದುವರೆಗೆ ಯಾರ ನೌಕರಿಯೂ ಹೋಗಿಲ್ಲ ಎಂಬ ಹಳೆಯ ಮಾತೊಂದು ಅಮೆರಿಕದ ಆಫೀಸುಗಳಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ತಮಾಷೆಯಂತೆ ಕೇಳಿದರೂ ಅದು ಭಯದ ಮಾತು. ಕೆಲಸವನ್ನು ಗುತ್ತಿಗೆಗೆ ಕೊಡಬಹುದು. ಹೊಣೆಯನ್ನು ಗುತ್ತಿಗೆಗೆ ಕೊಡಲು ಬರುವುದಿಲ್ಲ. ಹೊಣೆಯನ್ನೇ ಕೊಡಲು ಹೊರಟವರು ಎಂಥ ಸಮರ್ಥನನ್ನು ಆರಿಸಿದರೂ ಫಲ ಒಂದೇ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಮೈಸೂರು ಕಡೆಯ ಮದುವೆ ಮನೆಗಳಲ್ಲಿ ಅಡಿಗೆಯವರನ್ನು ಗೊತ್ತುಮಾಡುವ ದಿನ ನೀವು ಪಕ್ಕದಲ್ಲಿದ್ದರೆ ಈ ಸಂಭಾಷಣೆ ಕೇಳಿಯೇ ಇರುತ್ತೀರಿ. ದರದ ಮಾತು ಗಂಡಸರದು. ಅದು ಮುಗಿದ ಮೇಲೆ ಒಳಗಿನಿಂದ ಅಜ್ಜಿಯೋ ಸೋದರತ್ತೆಯೋ ಬಂದು ಬಾಗಿಲಿಗೊರಗಿ ನಿಂತು, 'ಅಲ್ಲಾ ಭಟ್ಟರೇ, ನೀವೇ ಬರ್ತೀರೋ, ಹುಡುಗರನ್ನ ಕಳಿಸ್ತೀರೋ? ಅವತ್ತೇ ಇನ್ನೊಂದು ಕಡೆ ಒಪ್ಕೊಂಡಿಲ್ಲ ತಾನೆ? ಹೋದ ತಿಂಗಳು ಯಾರ ಮನೇಲಿ ಮಾಡಿದ್ರಿ?' ಎನ್ನುತ್ತಾರೆ. ಭಟ್ಟರು ಹೇಳಿದ ಮನೆಗೆ ಮರುದಿನವೇ ಯಾರಾದರೊಬ್ಬರು ಅರಿಶಿನ ಕುಂಕುಮದ ನೆಪದಲ್ಲಿ ಹೋಗಿ, ಸಾರು ಹೇಗಿತ್ತು, ಎರಡನೆಯ ಪಂಕ್ತಿಗೆ ಅನ್ನ ಸಾಲದೆ ಹೋಯಿತೇ ಎಂದು ವಿಚಾರಿಸಿಕೊಂಡು ಬರುತ್ತಾರೆ. ಆ ಅಜ್ಜಿ ಯಾವ ವ್ಯವಹಾರ ಶಾಲೆಯಲ್ಲೂ ಓದಿದವರಲ್ಲ. ಆದರೆ ಕೋಟಿಗಟ್ಟಲೆ ಡಾಲರಿನ ಕಂಟ್ರಾಕ್ಟು ಬರೆಯುವ ಸಮಿತಿಗಳು ಈ ಮೂರು ಪ್ರಶ್ನೆಗಳನ್ನು ಕೇಳದೆ ಸಹಿ ಹಾಕುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಾಸಿನ ಫಾಕ್ಸ್‌ಮೇಯರ್ ಎಂಬ ಔಷಧಿ ಸಗಟು ವ್ಯಾಪಾರದ ಕಂಪನಿಯ ಕತೆಯನ್ನು ಹೇಳುವುದು ಈಗ ವಾಡಿಕೆಯಾಗಿದೆ. ಸುಮಾರು 500 ಕೋಟಿ ಡಾಲರಿನ ವಾರ್ಷಿಕ ವಹಿವಾಟು ಇದ್ದ ಸಂಸ್ಥೆ. 1993ರ ಸುಮಾರಿಗೆ ಹಳೆಯ ಮೇನ್‌ಫ್ರೇಮನ್ನು ಬಿಟ್ಟು ಜರ್ಮನಿಯ ಎಸ್‌ಎಪಿ ಕಂಪನಿಯ ಆರ್/3 ಎಂಬ ತಂತ್ರಾಂಶಕ್ಕೆ ಹೋಗುವುದೆಂದು ನಿರ್ಧರಿಸಿತು. ಅದನ್ನು ಕೂರಿಸಿಕೊಡಲು ಆರಿಸಿದ್ದು ಆಂಡರ್ಸನ್ ಕನ್ಸಲ್ಟಿಂಗ್ ಸಂಸ್ಥೆಯನ್ನು. 2001ರಿಂದ ಆಕ್ಸೆಂಚರ್ ಎಂದು ಹೆಸರು ಬದಲಿಸಿಕೊಂಡಿತಲ್ಲ, ಅದೇ. ಎರಡೂ ಹೆಸರುಗಳು ಬೆಟ್ಟದಷ್ಟು ದೊಡ್ಡವು. ಹಳೆಯ ಯಂತ್ರ ಒಂದು ರಾತ್ರಿಗೆ 4,20,000 ಆರ್ಡರುಗಳನ್ನು ಅರಗಿಸಿಕೊಳ್ಳುತ್ತಿತ್ತು. ಹೊಸದು 10,000ಕ್ಕೇ ಏದುಸಿರು ಬಿಟ್ಟಿತು. 1996ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 1998ರಲ್ಲಿ ಅದರ ಪರವಾಗಿ ಎರಡೂ ಸಂಸ್ಥೆಗಳ ಮೇಲೆ ತಲಾ 50 ಕೋಟಿ ಡಾಲರಿಗೆ ದಾವೆ ಹೂಡಲಾಯಿತು. ಅನುಭವವಿಲ್ಲದ ಹುಡುಗರನ್ನು ಕಳುಹಿಸಿ ನಮ್ಮ ಕಂಪನಿಯನ್ನೇ ಪಾಠಶಾಲೆ ಮಾಡಿಕೊಂಡರು ಎಂಬುದು ದೂರುಗಳಲ್ಲೊಂದು. ಪ್ರತಿವಾದಿಗಳು ಅದನ್ನು ಒಪ್ಪಲಿಲ್ಲ. ಒಂದು ಕಂಪನಿ ಮುಳುಗುವುದಕ್ಕೆ ಕಾರಣಗಳು ಹಲವು, ಎಲ್ಲವನ್ನೂ ಗಣಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಭಟ್ಟರು ಮಾತಾಡಿ ಹೋಗಿ ಹುಡುಗರು ಅಡಿಗೆಗೆ ಬರುವುದೆಂದರೆ ಇದೇ.

ಆಯ್ಕೆ ನಡೆಯುವ ಕ್ರಮವನ್ನೇ ನೋಡೋಣ. ಮೊದಲು ಆರ್‌ಎಫ್‌ಪಿ ಎಂಬ ದಪ್ಪ ಕಡತವೊಂದು ಸಿದ್ಧವಾಗುತ್ತದೆ. ಅದನ್ನು ಬರೆಯಲು ಬೇರೊಬ್ಬ ಕನ್ಸಲ್ಟೆಂಟನ್ನು ಗೊತ್ತುಮಾಡಿರುತ್ತಾರೆ ಎಂಬುದು ಹೊರಗಿನವರಿಗೆ ನಗು ತರಿಸೀತು, ನಮಗೆ ಅಭ್ಯಾಸವಾಗಿದೆ. ಅದರಲ್ಲಿ ನೂರಾರು ಪ್ರಶ್ನೆ. ಬಂದ ಉತ್ತರಗಳಲ್ಲಿ ಎಲ್ಲಕ್ಕೂ 'ಹೌದು, ನಮ್ಮಲ್ಲುಂಟು.' ಹತ್ತು ಬಡ್ಡಿ ವ್ಯಾಪಾರಿಗಳನ್ನು ಸಾಲಾಗಿ ನಿಲ್ಲಿಸಿ 'ನೀವು ದಯಾವಂತರೇ' ಎಂದು ಕೇಳಿದ ಹಾಗೆ. ಆಮೇಲೆ ಅಂಕಗಳ ಕೋಷ್ಟಕ. ಬೆಲೆಗೆ ಇಷ್ಟು, ಅನುಭವಕ್ಕೆ ಇಷ್ಟು, ಕ್ರಮಬದ್ಧತೆಗೆ ಇಷ್ಟು. ಸಮಿತಿಯವರು ಮನಸ್ಸಿನಲ್ಲಿ ಮೊದಲೇ ಆರಿಸಿಕೊಂಡವರಿಗೆ ಅಂಕಗಳು ಹೇಗೋ ಬಂದು ಸೇರುತ್ತವೆ. ಕೊನೆಗೆ ಪ್ರದರ್ಶನ. ಒಳ್ಳೆಯ ಸೂಟು, ಒಳ್ಳೆಯ ಇಂಗ್ಲಿಷು, ಪರದೆಯ ಮೇಲೆ ಬಣ್ಣದ ಚಿತ್ರಗಳು. ಬಂದವರು ಸೇಲ್ಸಿನವರು, ಅವರ ಮುಖ ಆ ದಿನ ಬಿಟ್ಟರೆ ಮತ್ತೆ ಕಾಣುವುದು ಎರಡನೆಯ ಕಂಟ್ರಾಕ್ಟಿನ ಹೊತ್ತಿಗೆ.

ಈ ಪ್ರದರ್ಶನವೆಂಬುದು ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಉಂಟು. ಅಮೆರಿಕದ ಕಸ ವಿಲೇವಾರಿಯ ದೈತ್ಯ ಸಂಸ್ಥೆ ವೇಸ್ಟ್ ಮ್ಯಾನೇಜ್‌ಮೆಂಟ್ 2008ರಲ್ಲಿ ಎಸ್‌ಎಪಿ ಮೇಲೆ ದಾವೆ ಹಾಕಿತು. ನಮಗೆ ತೋರಿಸಿದ್ದು ನಿಜವಾದ ತಂತ್ರಾಂಶವಲ್ಲ, ಮಾರುವುದಕ್ಕಾಗಿ ಕಟ್ಟಿದ ನಮೂನೆ ಎಂಬುದು ಅದರ ಆರೋಪ. ಎಸ್‌ಎಪಿ ಅಲ್ಲಗಳೆಯಿತು, 2010ರಲ್ಲಿ ರಾಜಿಯಾಯಿತು. ಯಾರು ಸರಿ ಎಂದು ತೀರ್ಪು ಕೊಡಲು ನಾವು ಯಾರು? ನಮಗೆ ಕಾಣುವುದು ಇಷ್ಟೇ. ಕೊಳ್ಳುವವರು ತಮ್ಮದೇ ನೂರು ಬಿಲ್ಲುಗಳನ್ನು, ಅದರಲ್ಲೂ ತೀರ ಸೊಟ್ಟಗಿರುವ ಹತ್ತನ್ನು, ಕೈಗೆ ಕೊಟ್ಟು 'ಇವುಗಳನ್ನು ನಮ್ಮೆದುರಿಗೇ ಹಾಕಿ ತೋರಿಸಿ' ಎಂದಿದ್ದರೆ ನಮೂನೆ ಯಾವುದು, ಸರಕು ಯಾವುದು ಎಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತಿತ್ತು. ಎಮ್ಮೆಯನ್ನು ನೀರಿನಲ್ಲಿಟ್ಟು ವ್ಯಾಪಾರ ಮಾಡಬಾರದೆಂದು ನಮ್ಮ ಹಳ್ಳಿಯ ರೈತನಿಗೆ ಗೊತ್ತು.

ಈಗ ನಮ್ಮ ಮನೆಯಂಗಳಕ್ಕೇ ಬರೋಣ. ಫೀನಿಕ್ಸ್ ಎಂಬ ಹೆಸರು ಕೇಳಿದರೆ ಒಟ್ಟಾವಾ ಕಡೆಯ ನಮ್ಮ ಸದಸ್ಯರ ಮುಖ ಸಣ್ಣದಾಗುತ್ತದೆ. ಕೆನಡಾದ ಕೇಂದ್ರ ಸರ್ಕಾರದ ಸಂಬಳದ ಗಣಕಕ್ಕೆ ಬೂದಿಯಿಂದೆದ್ದು ಬರುವ ಹಕ್ಕಿಯ ಹೆಸರನ್ನು ಇಟ್ಟವರು ಯಾರೋ, ಅವರ ಬಾಯಲ್ಲಿ ಬೂದಿಯ ಭಾಗ ಮಾತ್ರ ನಿಜವಾಯಿತು. ಸರ್ಕಾರದ ವಿಷಯ ವ್ಯಾಪಾರಸ್ಥರಿಗೇಕೆ ಎನ್ನಬೇಡಿ. ಆಗ ಸುಮಾರು 2,90,000 ಮಂದಿಗೆ ಎರಡು ವಾರಕ್ಕೊಮ್ಮೆ ಸಂಬಳ ಕೊಡುತ್ತಿದ್ದ ಸಂಸ್ಥೆ ಯಾವ ಕಂಪನಿಗೂ ಕಡಮೆಯಲ್ಲ. ಮೇಲಾಗಿ ಕಂಪನಿಗಳು ತಮ್ಮ ಸೋಲನ್ನು ಮುಚ್ಚಿಡುತ್ತವೆ. ಸರ್ಕಾರದ್ದನ್ನು ಮಹಾಲೆಕ್ಕಪರಿಶೋಧಕರು ಬಿಡಿಸಿ ಬರೆದಿಡುತ್ತಾರೆ. 2018ರ ಮೇ ತಿಂಗಳಲ್ಲಿ ಆಗಿನ ಮಹಾಲೆಕ್ಕಪರಿಶೋಧಕ ಮೈಕೆಲ್ ಫರ್ಗುಸನ್ ಅವರು ಸಲ್ಲಿಸಿದ ವರದಿಯನ್ನು ನಮ್ಮ ಸದಸ್ಯರೆಲ್ಲ ಒಮ್ಮೆ ಓದಬೇಕೆಂದು ಬಿನ್ನಹ. ಪತ್ತೇದಾರಿ ಕಾದಂಬರಿಯಷ್ಟು ರೋಚಕವಾಗಿದೆ, ಕೊಲೆಗಾರ ಮನೆಯವನೇ.

ಕತೆ ಸಂಕ್ಷೇಪವಾಗಿ ಹೀಗೆ. ಸಂಬಳದ ಕೆಲಸವನ್ನು ಹೊಸದಾಗಿ ಕಟ್ಟುವ ಯೋಜನೆಗೆ 2009ರಲ್ಲಿ ಒಪ್ಪಿಗೆಯಾಯಿತು. ವರ್ಷಕ್ಕೆ 7 ಕೋಟಿ ಡಾಲರು ಉಳಿತಾಯವಾಗುವುದೆಂದು ಅಂದಾಜು. 2011ರಲ್ಲಿ ಐಬಿಎಂಗೆ ಕಂಟ್ರಾಕ್ಟು. ಪೀಪಲ್‌ಸಾಫ್ಟ್ ಎಂಬ ಸಿದ್ಧ ತಂತ್ರಾಂಶವನ್ನು ಸರ್ಕಾರದ ನಿಯಮಗಳಿಗೆ ಹೊಂದಿಸಿಕೊಡಬೇಕು. ಆ ನಿಯಮಗಳೋ ಸಾವಿರಾರು. ಒಂದೊಂದು ಕಾರ್ಮಿಕ ಸಂಘದ ಒಪ್ಪಂದಕ್ಕೂ ಒಂದೊಂದು ಲೆಕ್ಕ. 2012ರಲ್ಲಿ ಐಬಿಎಂನವರು ಎಲ್ಲವನ್ನೂ ಕೂಡಿಸಿ ನೋಡಿ, ಇದಕ್ಕೆ 27.4 ಕೋಟಿ ಡಾಲರು ಬೇಕಾಗುತ್ತದೆ ಎಂದರು. ಕಟ್ಟುವುದಕ್ಕೆಂದು ಗೊತ್ತಾಗಿದ್ದ ಹಣ 15.5 ಕೋಟಿ.

ಓದುಗರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಸಲಹೆಗಾರರು ಕೆಟ್ಟ ಸುದ್ದಿಯನ್ನು ಮುಂಚಿತವಾಗಿ, ಅಂಕಿಗಳಲ್ಲಿ, ಮುಖಕ್ಕೆ ಹೇಳಿದ ಘಳಿಗೆ ಇದು. ಯಾವ ಯಜಮಾನನಾದರೂ ಏನು ಮಾಡಬೇಕಿತ್ತು? ಮೇಲಿನವರ ಬಳಿಗೆ ಹೋಗಿ 'ಹಣ ಸಾಲದು' ಎನ್ನಬೇಕಿತ್ತು, ಇಲ್ಲವೆ 'ಈ ಕೆಲಸ ಈಗ ಬೇಡ' ಎನ್ನಬೇಕಿತ್ತು. ಯೋಜನೆಯ ಅಧಿಕಾರಿಗಳು ಎರಡನ್ನೂ ಮಾಡಲಿಲ್ಲ. ಹಣಕ್ಕೆ ತಕ್ಕಂತೆ ಕೆಲಸವನ್ನೇ ಕತ್ತರಿಸಿದರು. ಸಂಬಳ ಲೆಕ್ಕ ಹಾಕುವ 984 ಕಾರ್ಯಗಳಲ್ಲಿ ನೂರಕ್ಕೂ ಹೆಚ್ಚನ್ನು ತೆಗೆದುಹಾಕಿದರು ಅಥವಾ ಮುಂದಕ್ಕೆ ತಳ್ಳಿದರು. ಅದರಲ್ಲಿ ಹಿಂದಿನ ತಿಂಗಳುಗಳ ಬಾಕಿ ಸಂಬಳವನ್ನು ತಾನಾಗಿ ಲೆಕ್ಕ ಹಾಕುವ ಕಾರ್ಯವೂ ಸೇರಿತ್ತು! ಒಂದು ಇಲಾಖೆಯಲ್ಲಿ ಮೊದಲು ಪ್ರಯೋಗ ಮಾಡಿ ನೋಡುವ ಯೋಚನೆಯನ್ನೂ ಕೈಬಿಟ್ಟರು. ಇದು ಸಾಲದೆಂಬಂತೆ ಇಲಾಖೆಗಳಲ್ಲಿ ವರ್ಷಾನುಗಟ್ಟಲೆ ಸಂಬಳದ ಗಂಟುಗಳನ್ನು ಬಿಡಿಸುತ್ತ ಬಂದಿದ್ದ ಗುಮಾಸ್ತರ ಹುದ್ದೆಗಳನ್ನು ಗಣಕ ನಡೆಯುವುದೆಂದು ಖಾತ್ರಿಯಾಗುವ ಮೊದಲೇ ತೆಗೆದು, ನ್ಯೂ ಬ್ರನ್‌ಸ್ವಿಕ್ ಪ್ರಾಂತದ ಮಿರಾಮಿಶಿ ಎಂಬ ಊರಿನಲ್ಲಿ ಒಂದೇ ಕೇಂದ್ರ ಮಾಡಿ, ಅಲ್ಲಿಗೆ ಬಹುಪಾಲು ಹೊಸಬರನ್ನು ಕೂರಿಸಿದರು. 2016ರ ಫೆಬ್ರವರಿಯಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಉಳಿದರ್ಧ, ಹಕ್ಕಿ ಹಾರಿತು.

ಆಮೇಲಿನದು ಎಲ್ಲರಿಗೂ ಗೊತ್ತು. ಕೆಲವರಿಗೆ ಸಂಬಳವೇ ಇಲ್ಲ, ಕೆಲವರಿಗೆ ಎರಡರಷ್ಟು. ಹೆಚ್ಚು ಬಂದವರು ಅದನ್ನು ಹಿಂದಿರುಗಿಸಲು ಪರದಾಡಬೇಕು, ತೆರಿಗೆಯ ಲೆಕ್ಕ ಬೇರೆ ಕೆಟ್ಟಿತು. ಹೆರಿಗೆ ರಜೆಗೆ ಹೋದ ಹೆಣ್ಣುಮಕ್ಕಳ ಪಾಡಂತೂ ಹೇಳತೀರದು. 2017ರ ಜೂನ್ ಅಂತ್ಯಕ್ಕೆ ಸರಿಪಡಿಸದೆ ಉಳಿದ ತಪ್ಪುಗಳ ಮೊತ್ತ 52 ಕೋಟಿ ಡಾಲರು ಮೀರಿತ್ತು. ಗ್ರಹಿಕೆಗೇ ನಿಲುಕದ ವೈಫಲ್ಯ ಎಂದರು ಫರ್ಗುಸನ್.

ಐಬಿಎಂ ಏನೂ ತಪ್ಪು ಮಾಡಲಿಲ್ಲ ಎಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಸಾಲದ ಹಣಕ್ಕೆ, ಸಾಲದ ಕಾಲಕ್ಕೆ ಕೆಲಸ ಒಪ್ಪಿಕೊಂಡು ಮುಂದುವರಿದದ್ದು ಅವರೂ ಹೌದು. 'ಇಷ್ಟರಲ್ಲಿ ಆಗುವುದಿಲ್ಲ, ನಾವು ಹೊರಟೆವು' ಎನ್ನುವ ಸಲಹೆಗಾರ ಎಲ್ಲಿದ್ದಾನೆ? ಆದರೆ ಇಲ್ಲಿ ಆಯ್ಕೆ ತಪ್ಪಾದ್ದರಿಂದ ಮನೆ ಕೆಟ್ಟಿತು ಎನ್ನಲಾಗದು. ಹೆಸರು ದೊಡ್ಡದಿತ್ತು, ತಂತ್ರಾಂಶ ಲೋಕಪ್ರಸಿದ್ಧವಾಗಿತ್ತು. ಮನೆಯಲ್ಲಿ ಯಜಮಾನನಿರಲಿಲ್ಲ. ಸಂಬಳದ ಕಷ್ಟ ಸುಖ ಬಲ್ಲವರನ್ನು ಹೊರಗೆ ಕಳುಹಿಸಿ, ಬಾರದವರು ಒಳಗೆ ಕೂತು ದಿನಾಂಕವನ್ನೂ ಬಜೆಟ್ಟನ್ನೂ ಕಾದರು. ಆದ್ದರಿಂದ ನಮ್ಮ ಮಟ್ಟಿಗೆ ಸಲಹೆಗಾರರನ್ನು ಆರಿಸುವ ಕೆಲಸ ಹೊರಗಿನವರ ಹೆಸರಿನ ಪಟ್ಟಿಯಿಂದ ಶುರುವಾಗಬಾರದು. ಈ ಕೆಲಸ ಬಲ್ಲ ನಮ್ಮವರು ಯಾರು, ಅವರನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತೇವೆಯೇ, ಸಲಹೆಗಾರ ಕೆಟ್ಟ ಸುದ್ದಿ ತಂದರೆ ಅದನ್ನು ಮೇಲಕ್ಕೆ ಒಯ್ಯುವ ಅಧಿಕಾರ ಯಾರಿಗಿದೆ ಎಂಬ ಪಟ್ಟಿಯಿಂದ ಶುರುವಾಗಬೇಕು.

ದಿನಾಂಕವೆಂದಾಗ ಹರ್ಷೀಸ್ ಚಾಕೊಲೇಟಿನವರ ನೆನಪಾಗುತ್ತದೆ. ಅವರಿಗೆ ನಾಲ್ಕು ವರ್ಷದ ಕೆಲಸ ಎಂದು ಹೇಳಲಾಗಿತ್ತು. ಎರಡೂವರೆ ವರ್ಷದಲ್ಲಿ ಮುಗಿಸಬೇಕೆಂದು ಹಟ ಹಿಡಿದರು. ಸುಮಾರು 11 ಕೋಟಿ ಡಾಲರು ಸುರಿದು 1999ರ ಜುಲೈನಲ್ಲಿ, ಅಂದರೆ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳು ಮಿಠಾಯಿ ಬೇಡುವ ಹೊತ್ತಿಗೆ ಸರಿಯಾಗಿ, ಎಲ್ಲವನ್ನೂ ಒಂದೇ ಸಲಕ್ಕೆ ಚಾಲೂ ಮಾಡಿದರು. ಗೋದಾಮಿನಲ್ಲಿ ಚಾಕೊಲೇಟು ಇದೆ, ಅಂಗಡಿಗೆ ಹೋಗುತ್ತಿಲ್ಲ. ಹತ್ತು ಕೋಟಿ ಡಾಲರಿನಷ್ಟು ಆರ್ಡರು ಕೈತಪ್ಪಿ ಆ ಮೂರು ತಿಂಗಳ ಲಾಭ ನೂರಕ್ಕೆ 19ರಷ್ಟು ಇಳಿಯಿತು. ದೀಪಾವಳಿಯ ಹಿಂದಿನ ವಾರ ಬೆಂಗಳೂರಿನ ಯಾವ ಸ್ವೀಟ್ ಅಂಗಡಿಯವನಾದರೂ ಒಲೆ ಬದಲಿಸುತ್ತಾನೆಯೇ?

ಜರ್ಮನಿಯ ಲಿಡ್ಲ್ ಅಂಗಡಿಗಳದು ಬೇರೆ ಪಾಠ. 2011ರಲ್ಲಿ ಎಸ್‌ಎಪಿಯ ಜೊತೆ ಶುರುಮಾಡಿ, ಏಳು ವರ್ಷ ದುಡಿದು, ಸುಮಾರು 50 ಕೋಟಿ ಯೂರೋ ವೆಚ್ಚವಾಯಿತೆಂದು ಪತ್ರಿಕೆಗಳಲ್ಲಿ ವರದಿಯಾದ ಮೇಲೆ, 2018ರಲ್ಲಿ ಅದನ್ನು ಕೈಬಿಟ್ಟು ತಮ್ಮ ಹಳೆಯ ವ್ಯವಸ್ಥೆಗೇ ಮರಳಿದರು. ಬಂದ ತೊಡಕುಗಳಲ್ಲಿ ಒಂದು ಬಲು ಸರಳ. ಲಿಡ್ಲ್‌ನವರು ದಾಸ್ತಾನಿನ ಬೆಲೆಯನ್ನು ಕೊಂಡ ದರದಲ್ಲಿ ಲೆಕ್ಕ ಹಾಕುವವರು. ಸಿದ್ಧ ತಂತ್ರಾಂಶ ಮಾರುವ ದರದಲ್ಲಿ ಲೆಕ್ಕ ಹಾಕುವುದು. ತಮ್ಮ ಪದ್ಧತಿಯನ್ನು ಬಿಡಲು ಅವರಿಗೆ ಇಷ್ಟವಿಲ್ಲ, ತಂತ್ರಾಂಶವನ್ನು ಬಗ್ಗಿಸುತ್ತ ಹೋದರು. ಟೋಪಿಗೆ ತಕ್ಕಂತೆ ತಲೆ ಬದಲಿಸುವುದೋ ತಲೆಗೆ ತಕ್ಕಂತೆ ಟೋಪಿ ಹೊಲಿಸುವುದೋ ಎಂಬುದು ಸಲಹೆಗಾರ ಬರುವ ಮೊದಲೇ ಮನೆಯಲ್ಲಿ ತೀರ್ಮಾನವಾಗಬೇಕಾದ ಮಾತು. ತೀರ್ಮಾನವಾಗದಿದ್ದರೆ ಸಲಹೆಗಾರನಿಗೆ ಅದು ಸುಗ್ಗಿ. ಒಂದೊಂದು ಬದಲಾವಣೆಗೂ ಒಂದೊಂದು ಬಿಲ್ಲು. ನಾವು ಆ ಕಡೆ ಕೂತಿದ್ದಾಗ ಇದಕ್ಕೆ 'ಚೇಂಜ್ ರಿಕ್ವೆಸ್ಟ್' ಎಂಬ ಮರ್ಯಾದೆಯ ಹೆಸರಿತ್ತು. ಊಟದ ದರ ಕಡಮೆ ಹೇಳಿ ಉಪ್ಪಿನಕಾಯಿಗೆ ಬೇರೆ ಹಾಕುವ ಹೋಟೆಲಿನ ಹಾಗೆ.

ಔಷಧಿ ಬರೆಯುವ ವೈದ್ಯನೇ ಔಷಧಿ ಅಂಗಡಿ ಇಟ್ಟಿದ್ದರೆ ನಮಗೆ ಒಂದು ಗುಮಾನಿ ಬರುತ್ತದಲ್ಲ, ಅದು ಇಲ್ಲಿಯೂ ಇರಲಿ. ಬಹಳಷ್ಟು ಸಲಹಾ ಸಂಸ್ಥೆಗಳು ಒಂದೋ ಎರಡೋ ತಂತ್ರಾಂಶ ಕಂಪನಿಗಳ ಪಾಲುದಾರರು. ಅವರ ನೂರಾರು ಮಂದಿ ಅದೇ ತಂತ್ರಾಂಶದಲ್ಲಿ ತರಬೇತಾಗಿ ಕೆಲಸಕ್ಕಾಗಿ ಕಾದಿರುತ್ತಾರೆ. ಅಂಥವರನ್ನು 'ನಮಗೆ ಯಾವುದು ಸರಿ' ಎಂದು ಕೇಳಿದರೆ ಉತ್ತರ ಮೊದಲೇ ಗೊತ್ತಿದ್ದದ್ದೇ. ಇದರಲ್ಲಿ ಕಳ್ಳತನವೇನೂ ಇಲ್ಲ, ಬಚ್ಚಿಟ್ಟರೆ ಮಾತ್ರ ತಪ್ಪು. ಯಾವುದನ್ನು ಕೊಳ್ಳಬೇಕೆಂದು ಹೇಳುವವರು ಬೇರೆ, ಕೂರಿಸಿಕೊಡುವವರು ಬೇರೆ ಇರಬೇಕು. ಹೇಳುವವರಿಗೆ ಕೂರಿಸುವ ಕೆಲಸ ಸಿಗುವುದಿಲ್ಲ ಎಂದು ಕಂಟ್ರಾಕ್ಟಿನಲ್ಲೇ ಬರೆದುಬಿಡಬೇಕು. ಎಷ್ಟು ಅರ್ಜಿದಾರರು ಉಳಿಯುತ್ತಾರೆ ನೋಡಿ, ಮೋಜಾಗಿರುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ಕಾಲ; ಪ್ರದರ್ಶನದ ಪರದೆಯ ಮೇಲೆ ಎರಡು ಮಾತಿಗೊಮ್ಮೆ ಅದರ ಜಪ. ಆಸ್ಟ್ರೇಲಿಯಾ ಸರ್ಕಾರಕ್ಕೆ ಡೆಲಾಯ್ಟ್ ಸಂಸ್ಥೆ ಸುಮಾರು 4,40,000 ಆಸ್ಟ್ರೇಲಿಯನ್ ಡಾಲರಿಗೆ ಬರೆದುಕೊಟ್ಟ ವರದಿಯೊಂದರಲ್ಲಿ ಇಲ್ಲದ ಪ್ರಬಂಧಗಳ ಉಲ್ಲೇಖಗಳು ಸಿಕ್ಕಿ, 2025ರಲ್ಲಿ ಹಣದ ಒಂದು ಭಾಗವನ್ನು ಹಿಂದಿರುಗಿಸಬೇಕಾಯಿತು. ವರದಿಯ ತಯಾರಿಯಲ್ಲಿ ಅಂಥ ಯಂತ್ರವನ್ನು ಬಳಸಿದ್ದಾಗಿ ಸಂಸ್ಥೆ ಒಪ್ಪಿಕೊಂಡಿತು. ಭಟ್ಟರು ಬರಲಿಲ್ಲ, ಹುಡುಗರೂ ಬರಲಿಲ್ಲ ಎಂಬಂತಾಯಿತು. ಆದ್ದರಿಂದ ಇನ್ನು ಮೇಲೆ ಕೇಳಬೇಕಾದ ಪ್ರಶ್ನೆ ಇನ್ನೊಂದು: ಇದನ್ನು ಯಾರು ಬರೆದರು, ಬರೆದದ್ದನ್ನು ಯಾರು ಓದಿದರು?

ಇನ್ನು ನಮ್ಮವರ ಮಾತು. ಇದನ್ನು ಬರೆಯಲು ಸ್ವಲ್ಪ ಸಂಕೋಚವಿದೆ, ಆದರೂ ಬರೆಯಬೇಕು. ಸಮಿತಿಯಲ್ಲಿ ಕೂತ ನಮ್ಮ ಸದಸ್ಯರಿಗೆ ಕೂಟದ ಸಮಾರಂಭಗಳಲ್ಲಿ ಬರುವ ಮನವಿಗಳು ಗೊತ್ತಿರುವಂಥವೇ. 'ಸಾರ್, ನಮ್ಮ ಭಾವಮೈದುನನ ಕಂಪನಿ ಆರ್‌ಎಫ್‌ಪಿ ಹಾಕಿದೆ, ನೀವೊಂದು ಮಾತು ಹೇಳಿದರೆ...' 'ಅಣ್ಣಾ, ಹುಡುಗ ನಮ್ಮ ಶಿವಮೊಗ್ಗದ ಕಡೆಯವನು, ಬುದ್ಧಿವಂತ, ಹೇಗಾದರೂ ಒಳಗೆ ಹಾಕಿಸಿ.' ಪರದೇಶದಲ್ಲಿ ನಮ್ಮವರಿಗೆ ನಾವಲ್ಲದೆ ಇನ್ಯಾರು ಎಂಬ ಭಾವನೆ ತಪ್ಪಲ್ಲ. ನಮ್ಮಲ್ಲಿ ಅನೇಕರು ಹಾಗೆಯೇ ನೆಲೆ ಕಂಡವರು. ಆದರೆ ಕಂಪನಿಯ ಹಣ ನಮ್ಮ ಮನೆಯ ಹಣವಲ್ಲ. ಒಳ್ಳೆಯ ಹುಡುಗನನ್ನು ಒಳ್ಳೆಯವನೆಂದು ಬಹಿರಂಗವಾಗಿ ಹೇಳಿ, ಅವನ ಅರ್ಜಿ ಬಂದ ದಿನ ಸಮಿತಿಯಿಂದ ಎದ್ದು ಹೊರಗೆ ಹೋಗುವುದೊಂದೇ ಮರ್ಯಾದೆಯ ದಾರಿ. ನಮ್ಮ ಸದಸ್ಯರೊಬ್ಬರು ಹಾಗೆ ಎದ್ದು ಹೋದರು. ಹುಡುಗನ ಮನೆಯವರು ಇಂದಿಗೂ ಅವರನ್ನು ಮಾತನಾಡಿಸುವುದಿಲ್ಲ. ಹುಡುಗ ಮಾತನಾಡಿಸುತ್ತಾನೆ.

ಇನ್ನೊಂದು ಕಹಿ ಇದೆ. ಫೋನಿನಲ್ಲಿ ಪರೀಕ್ಷೆಗೆ ಉತ್ತರಿಸಿದವನೊಬ್ಬ, ಸೋಮವಾರ ಬಂದು ಕೂತವನು ಇನ್ನೊಬ್ಬ. ಎರಡು ವರ್ಷದ ಅನುಭವಕ್ಕೆ ದಲ್ಲಾಳಿ ಏಳು ಎಂದು ಬರೆದಿರುತ್ತಾನೆ. ಹುಡುಗನಿಗೂ ಕಂಪನಿಗೂ ನಡುವೆ ಮೂರು ನಾಲ್ಕು ಕೈಗಳು, ಒಂದೊಂದು ಕೈಯೂ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತದೆ. ವೀಸಾ ಅವರ ಕೈಯಲ್ಲಿರುವುದರಿಂದ ಹುಡುಗ ಬಾಯಿ ಬಿಡುವಂತಿಲ್ಲ. ಇದನ್ನೆಲ್ಲ ಬಲ್ಲವರು ನಾವೇ, ಏಕೆಂದರೆ ಆ ಸಾಲಿನ ಕೊನೆಯಲ್ಲಿ ನಿಂತಿದ್ದವರು ನಾವೇ. ಈಗ ಸಮಿತಿಯಲ್ಲಿ ಕೂತು ಒಂದು ಪ್ರಶ್ನೆ ಕೇಳಿದರೆ ಸಾಕು: 'ಕೆಲಸಕ್ಕೆ ಬರುವವರ ಹೆಸರು ಕೊಡಿ, ಅವರಿಗೆ ಸಂಬಳ ಕೊಡುವವರು ಯಾರು ಹೇಳಿ.' ಅರ್ಧ ದಲ್ಲಾಳಿಗಳು ಅಲ್ಲೇ ಉದುರುತ್ತಾರೆ. ಇಂಗ್ಲಿಷು ಮಾತ್ರ ಬಲ್ಲ ಸಮಿತಿಯ ಇತರರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

ಹಾಗೆಯೇ ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವ ತಂಡ. ಟೊರಾಂಟೊಗೂ ಬೆಂಗಳೂರಿಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರ. ನಮ್ಮ ಮಧ್ಯಾಹ್ನ ಎರಡರ ಮೀಟಿಂಗು ಅವರಿಗೆ ನಡುರಾತ್ರಿ. ದರ ಕಡಮೆ ಎಂದು ಒಪ್ಪಿಕೊಂಡ ಕಂಪನಿ ಆ ತಂಡದ ಯಾರೊಬ್ಬರನ್ನೂ ಆಯ್ಕೆಯ ಹೊತ್ತಿಗೆ ಮಾತನಾಡಿಸಿರುವುದಿಲ್ಲ. ನಿಜವಾಗಿ ತಂತ್ರಾಂಶ ಬರೆಯುವವಳು ಅಲ್ಲಿ ಜಯನಗರದಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇದ್ದಾಳೆ. ಅವಳಿಗೆ ಈ ವ್ಯಾಪಾರ ಏನೆಂದು ಯಾರೂ ತಿಳಿಸಿಲ್ಲ, ಕೈಗೆ ಒಂದು ಪಟ್ಟಿ ಕೊಟ್ಟಿದ್ದಾರೆ ಅಷ್ಟೆ. ಅಂಥವಳನ್ನೂ ಪ್ರದರ್ಶನದ ದಿನ ಪರದೆಯ ಮೇಲೆ ಕರೆಸಿ. ನಮ್ಮ ಅನುಭವದಲ್ಲಿ ಅನುಮಾನಗಳಿಗೆ ನೇರ ಉತ್ತರ ಬಂದದ್ದು ಬಹುಮಟ್ಟಿಗೆ ಅಂಥವರಿಂದಲೇ. ಮೇಲಧಿಕಾರಿ ಅಡ್ಡ ಬಾಯಿ ಹಾಕದಿದ್ದರೆ.

'ಸರಿ, ಹಾಗಾದರೆ ಚಿಕ್ಕ ಕಂಪನಿಗಳನ್ನೇ ಆರಿಸಬೇಕೇ?' ಎಂದು ನಮ್ಮ ಸ್ನೇಹಿತರೊಬ್ಬರು ಈ ಲೇಖನದ ಕರಡನ್ನು ನೋಡಿ ಕೇಳಿದರು. ಅವರು ದೊಡ್ಡ ಸಂಸ್ಥೆಯೊಂದರಲ್ಲಿ ಪಾರ್ಟ್‌ನರ್, ಕೇಳುವ ಹಕ್ಕಿದೆ. ಹಾಗೇನಿಲ್ಲ. ಹತ್ತು ದೇಶಗಳಲ್ಲಿ ಒಂದೇ ದಿನ ಬದಲಾವಣೆ ಮಾಡಬೇಕಾದ ಕಡೆ ಐವತ್ತು ಮಂದಿಯ ಸಂಸ್ಥೆ ಏನು ಮಾಡೀತು? ಇಬ್ಬರು ಬಿಟ್ಟು ಹೋದರೆ ಕೆಲಸ ನಿಂತೀತು. ದೊಡ್ಡವರ ಬಳಿ ಬದಲಿ ಜನರಿದ್ದಾರೆ, ಹಿಂದೆ ಇಂಥದ್ದನ್ನು ಮಾಡಿದವರು ಎಲ್ಲೋ ಇದ್ದಾರೆ. 'ಎಲ್ಲೋ' ಎಂಬಲ್ಲಿ ನಮ್ಮ ತಕರಾರು. ಅವರು ಇಲ್ಲಿಗೆ ಬರುತ್ತಾರೋ? ಬರುವವರ ಹೆಸರನ್ನು ಕಂಟ್ರಾಕ್ಟಿನಲ್ಲಿ ಬರೆಯಿರಿ. ನಮ್ಮನ್ನು ಕೇಳದೆ ಅವರನ್ನು ಬದಲಿಸುವಂತಿಲ್ಲ ಎಂಬ ಕಲಮನ್ನೂ ಹಾಕಿ. ಇಂಥ ಕಲಮಿಗೆ ದೊಡ್ಡ ಸಂಸ್ಥೆಗಳು ಒಪ್ಪುವುದಿಲ್ಲ ಎಂಬುದು ತಪ್ಪು ಕಲ್ಪನೆ. ಕೇಳಿದವರಿಗೆ ಒಪ್ಪುತ್ತಾರೆ.

ಹಿಂದಿನ ಗಿರಾಕಿಗಳನ್ನು ವಿಚಾರಿಸುವುದೂ ಹೀಗೆಯೇ. ಅವರು ಕೊಡುವ ಮೂರು ಹೆಸರು ಮೂವರೂ ಮೆಚ್ಚಿದವರದ್ದೇ ಆಗಿರುತ್ತದೆ. ಅಳಿಯನ ಗುಣವನ್ನು ಬೀಗಿತ್ತಿಯ ಹತ್ತಿರ ಕೇಳಿದಂತೆ. 'ಕೆಟ್ಟುಹೋದ ಒಂದು ಕೆಲಸ ಹೇಳಿ, ಅಲ್ಲಿಯ ಯಜಮಾನರ ನಂಬರು ಕೊಡಿ' ಎಂದು ಕೇಳಬೇಕು. ಯಾವುದೂ ಕೆಟ್ಟಿಲ್ಲ ಎಂದವರನ್ನು ಅಲ್ಲಿಗೇ ಬಿಡಬಹುದು. ಕೆಟ್ಟ ಕತೆಯನ್ನು ಬಿಚ್ಚಿ ಹೇಳಿ, ತಮ್ಮ ತಪ್ಪೆಷ್ಟು, ಎದುರಿನವರದೆಷ್ಟು ಎಂದು ಅಳೆದು ಹೇಳಿದವರಿಗೆ ಪೂರ್ತಿ ಕೆಲಸ ಕೊಡುವ ಮೊದಲು ಎಂಟು ವಾರದ ಒಂದು ಸಣ್ಣ ಕೆಲಸ, ಹಣ ಕೊಟ್ಟು, ಮಾಡಿಸಿ ನೋಡಬೇಕು. ಪುಕ್ಕಟೆಯಾಗಿ ಮಾಡಿಕೊಡುತ್ತೇವೆ ಎಂದರೆ ಬೇಡ. ಪುಕ್ಕಟೆ ಬಂದದ್ದನ್ನು ಆಮೇಲೆ ನಿರಾಕರಿಸಲು ನಮಗೇ ದಾಕ್ಷಿಣ್ಯ.

ದರದ ಬಗ್ಗೆ ಹೆಚ್ಚು ಬರೆಯುವುದಿಲ್ಲ; ಅದರಲ್ಲಿ ನಮ್ಮವರು ಯಾರಿಗೂ ಸೋಲುವವರಲ್ಲ. ಬಿಟ್ಟು ಹೋಗುವ ದಿನದ ಮಾತು ಮಾತ್ರ ಮೊದಲ ದಿನವೇ ಆಗಬೇಕು. ಬರೆದ ತಂತ್ರಾಂಶ ಯಾರದು, ಪಾಸ್‌ವರ್ಡುಗಳು ಯಾರ ಕೈಯಲ್ಲಿ, ನಮ್ಮವರಿಗೆ ಎಷ್ಟು ತಿಂಗಳಲ್ಲಿ ಕಲಿಸಿಕೊಡುತ್ತಾರೆ, ಕಲಿಸದಿದ್ದರೆ ಎಷ್ಟು ಹಣ ಹಿಡಿಯುವುದು. ಮದುವೆಯ ದಿನ ವಿಚ್ಛೇದನದ ಮಾತೇ ಎಂದು ಹಿರಿಯರು ಮುನಿಯಬಹುದು, ಆದರೆ ಇದು ಮದುವೆಯಲ್ಲ, ಅಡಿಗೆಯ ಗುತ್ತಿಗೆ. ಪಾತ್ರೆಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವುದು ಪದ್ಧತಿ.

ಮೇಜಿನ ಯಾವ ಕಡೆಯಿಂದಲೇ ಆಗಲಿ, ಇಂಥ ಆಯ್ಕೆಗಳನ್ನು ಕಂಡ ಸದಸ್ಯರು ತಮ್ಮ ಅನುಭವವನ್ನು ಎರಡು ಪುಟ ಮೀರದಂತೆ, ಕಾಗದದ ಒಂದೇ ಮಗ್ಗುಲಲ್ಲಿ, ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಕಂಪನಿಗಳ ಹೆಸರು ಬೇಡ. ನಮ್ಮ ಪಾರ್ಟ್‌ನರ್ ಸ್ನೇಹಿತರೂ ಉತ್ತರ ಬರೆಯುವುದಾಗಿ ಮಾತು ಕೊಟ್ಟಿದ್ದಾರೆ. ತಾವೇ ಬರೆಯುತ್ತಾರೋ, ಆಫೀಸಿನ ಹುಡುಗರಿಂದ ಬರೆಸುತ್ತಾರೋ ಎಂದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.